ಅಕ್ರಿಲಿಕ್‌ನಲ್ಲಿ ಶರತ್ಕಾಲದ ಚಿತ್ರ: ಹೊಸಬರು ಪದೇ ಪದೇ ಕೇಳೋ ಪ್ರಶ್ನೆಗಳು

ಎಲೆ ಬಣ್ಣ ತಿರುಗೋ ಕಾಲದ ಮರ, ಕಾಡುದಾರಿ, ಕೆರೆದಂಡೆ ಇವನ್ನೆಲ್ಲ ಅಕ್ರಿಲಿಕ್‌ನಲ್ಲಿ ಮಾಡೋಕೆ ಶುರು ಮಾಡಿದವರು ಸುತ್ತಿ ಬಳಸಿ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳ್ತಾರೆ. ಮೇಲಿಂದ ಕೆಳಗೆ ಓದ್ಲೇಬೇಕು ಅಂತೇನಿಲ್ಲ, ಬೇಕಾದ್ದಕ್ಕೆ ನೇರ ಹೋಗಿ. ಆದ್ರೆ ಆರೆಂಜ್ ಯಾಕೆ ಹೊಳೆಯಲ್ಲ ಅನ್ನೋ ಪ್ರಶ್ನೆನ ಮಾತ್ರ ಬಿಡ್ಬೇಡಿ, ಉಳಿದ ಅರ್ಧ ಪ್ರಶ್ನೆಗಳ ಬೇರು ಅಲ್ಲೇ ಇದೆ.

ಶುರು ಮಾಡೋಕೆ ಯಾವ ಬಣ್ಣ ತಗೋಬೇಕು? 24 ಬಣ್ಣದ ಸೆಟ್ ಸಾಕಾ?

ಸೆಟ್ ಈಗಾಗ್ಲೇ ಇದ್ರೆ ಬಿಸಾಡ್ಬೇಡಿ, ಆದ್ರೆ ಹೊಸದಾಗಿ ತಗೋತಿದ್ರೆ ಬಿಡಿ ಟ್ಯೂಬ್‌ಗಳೇ ವಾಸಿ. ಸೆಟ್‌ನಲ್ಲಿ ಎಲ್ಲಾ ಟ್ಯೂಬೂ ಒಂದೇ ಸೈಜು, ಬಿಳಿ ಎಲ್ಲಕ್ಕಿಂತ ಮೊದಲು ಖಾಲಿ ಆಗತ್ತೆ, ಯಾವತ್ತೂ ಮುಟ್ಟದ ಪಿಂಕ್ ಟ್ಯೂಬ್ ಒಳಗೇ ಗಟ್ಟಿ ಆಗಿ ಕೂತಿರತ್ತೆ. ಈ ಥರದ ಸೀನ್‌ಗೆ ಏಳು ಬಣ್ಣ ಸಾಕು. ಟೈಟೇನಿಯಂ ವೈಟ್ ದೊಡ್ಡ ಟ್ಯೂಬು, ಒಂದು ಜೋರು ಹಳದಿ, ಯೆಲ್ಲೋ ಆಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನಾ (ಕೆಂಪು ಕಡೆ ವಾಲೋ ಕಂದು), ಕಿತ್ತಳೆ ಕಡೆ ವಾಲೋ ಕೆಂಪು ಒಂದು, ಅಂದ್ರೆ ಕ್ಯಾಡ್ಮಿಯಂ ರೆಡ್ ಲೈಟ್ ಥರದ್ದು, ನೇರಳೆ ಕಡೆ ವಾಲೋ ಕೆಂಪು ಒಂದು, ಅಂದ್ರೆ ಕ್ವಿನಾಕ್ರಿಡೋನ್ ಮಜೆಂಟಾ ಅಥವಾ ಅಲಿಝರಿನ್ ಕ್ರಿಮ್ಸನ್ ಹ್ಯೂ, ಕೊನೇಗೆ ಅಲ್ಟ್ರಾಮರೀನ್ ಬ್ಲೂ.

ಹಸಿರು ಇಲ್ಲ, ಕಪ್ಪು ಇಲ್ಲ, ಆರೆಂಜೂ ಇಲ್ವಲ್ಲ ಅಂತ ಗಾಬರಿ ಬೇಡ. ಆರೆಂಜ್ ಬೇಕಂದ್ರೆ ಹಳದಿಗೆ ಆ ಕಿತ್ತಳೆ ಕಡೆ ವಾಲೋ ಕೆಂಪು ಕಲಸಿ. ಅಲ್ಟ್ರಾಮರೀನ್‌ಗೆ ಹಳದಿ ಸೇರಿಸಿದ್ರೆ ಬರೋ ಹಸಿರು ಸ್ವಲ್ಪ ಮಂಕಾಗಿರತ್ತೆ, ಈ ಕಾಲದ ಹುಲ್ಲಿಗೆ ಬೇಕಾಗಿರೋದೇ ಅದು. ಅಲ್ಟ್ರಾಮರೀನ್ ಮತ್ತೆ ಬರ್ನ್ಟ್ ಸಿಯೆನಾ ಸಮಸಮ ಕಲಸಿದ್ರೆ ಹೆಚ್ಚುಕಮ್ಮಿ ಕಪ್ಪೇ ಬರತ್ತೆ, ನೀಲಿ ಜಾಸ್ತಿ ಆದ್ರೆ ತಣ್ಣನೆ ಕಪ್ಪು, ಸಿಯೆನಾ ಜಾಸ್ತಿ ಆದ್ರೆ ಬೆಚ್ಚನೆ ಕಪ್ಪು, ಅದಕ್ಕೇ ಬಿಳಿ ಹಾಕ್ತಾ ಹೋದ್ರೆ ಕಾಂಡ, ಕಲ್ಲು, ಮೋಡ ಎಲ್ಲದಕ್ಕೂ ಬೂದು ಬಣ್ಣಗಳು. ಈ ಜೋಡಿನ ಒಂದು ಹಾಳೆ ತುಂಬ ಕಲಸಿ ನೋಡಿ, ಆಮೇಲೆ ಕಪ್ಪು ಟ್ಯೂಬ್ ನೆನಪಾಗಲ್ಲ.

ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಪಿಗ್ಮೆಂಟ್ (ಬಣ್ಣ ಕೊಡೋ ಪುಡಿ) ಕೋಡ್ ಇರತ್ತೆ, ಅದನ್ನ ಓದೋ ಅಭ್ಯಾಸ ಮಾಡ್ಕೊಳ್ಳಿ. ಪಿಬಿ 29 ಅಂದ್ರೆ ಅಲ್ಟ್ರಾಮರೀನ್, ಪಿಡಬ್ಲ್ಯೂ 6 ಅಂದ್ರೆ ಟೈಟೇನಿಯಂ ವೈಟ್. ಒಂದೇ ಟ್ಯೂಬಲ್ಲಿ ಮೂರ್ನಾಲ್ಕು ಕೋಡ್ ಇದ್ರೆ ಅದು ಆಗ್ಲೇ ಕಲಸಿದ ಬಣ್ಣ, ಇನ್ನೊಂದರ ಜೊತೆ ಕಲಸಿದಾಗ ಬೇಗ ಮಂಕಾಗತ್ತೆ. ಸ್ಟೂಡೆಂಟ್ ಗ್ರೇಡ್, ಅಂದ್ರೆ ಕಲಿಯೋರಿಗೆ ಅಂತ ಮಾಡಿದ ಅಗ್ಗದ ಬಣ್ಣದಲ್ಲಿ ಪಿಗ್ಮೆಂಟ್ ಕಮ್ಮಿ, ಫಿಲ್ಲರ್ ಜಾಸ್ತಿ. ನನ್ನ ಕೇಳಿದ್ರೆ ಆಕರ್, ಸಿಯೆನಾ ಇವನ್ನ ಸ್ಟೂಡೆಂಟ್ ಗ್ರೇಡಲ್ಲೇ ತಗೊಳ್ಳಿ, ಮಣ್ಣಿನ ಬಣ್ಣಗಳು ಅದರಲ್ಲೂ ಚೆನ್ನಾಗೇ ಬರತ್ತೆ, ಉಳಿಸಿದ ದುಡ್ಡನ್ನ ಹಳದಿ ಮತ್ತೆ ಕೆಂಪಿಗೆ ಹಾಕಿ.

ಆರೆಂಜ್ ಹಾಕಿದಷ್ಟೂ ಚಿತ್ರ ಸಪ್ಪೆ ಆಗತ್ತೆ, ಹೊಳಪೇ ಬರಲ್ಲ. ನನ್ನ ಬಣ್ಣ ಕಳಪೆನಾ?

ಬಣ್ಣದ್ದೇನೂ ತಪ್ಪಿಲ್ಲ, ಆರೆಂಜ್ ಜಾಸ್ತಿ ಆಗಿದೆ ಅಷ್ಟೇ. ಮೇಲೆ ಆರೆಂಜ್, ಕೆಳಗೆ ಆರೆಂಜ್, ಪಕ್ಕದಲ್ಲಿ ಕೆಂಪು, ಆಕಾಶ ಕೂಡ ಪೀಚ್ ಅಂತ ಇದ್ರೆ ಕಣ್ಣಿಗೆ ಹೋಲಿಸಿ ನೋಡೋಕೆ ಏನೂ ಸಿಗಲ್ಲ. ಹೊಳಪು ಟ್ಯೂಬಿಂದ ಬರಲ್ಲ, ಪಕ್ಕದಲ್ಲಿ ಏನಿದೆ ಅನ್ನೋದರಿಂದ ಬರತ್ತೆ.

ನಂಬಿಕೆ ಬರದಿದ್ರೆ ಹೀಗೆ ಮಾಡಿ ನೋಡಿ. ಒಂದು ಕಾರ್ಡ್ ತಗೊಂಡು ಮೂರು ಚೌಕ ಮಾಡಿ, ಒಂದನ್ನ ಬಿಳಿ ಬಿಡಿ, ಇನ್ನೊಂದಕ್ಕೆ ಕೆಂಪು, ಮೂರನೇದಕ್ಕೆ ಅಲ್ಟ್ರಾಮರೀನ್, ಸಿಯೆನಾ, ಸ್ವಲ್ಪ ಬಿಳಿ ಸೇರಿಸಿದ ನೀಲಿಬೂದು. ಒಣಗಿದ ಮೇಲೆ ಮೂರು ಚೌಕದ ಮಧ್ಯಕ್ಕೂ ಅದೇ ಆರೆಂಜಿನ ಒಂದೊಂದು ಚುಕ್ಕೆ ಇಡಿ. ಬಿಳಿ ಮೇಲೆ ಅದು ಕಪ್ಪಗಿದ್ದ ಹಾಗೆ ಕಾಣತ್ತೆ, ಕೆಂಪಿನ ಮೇಲೆ ಹಳದಿ ಕಡೆ ಸರಿದು ಸುಮ್ನೆ ಕೂರತ್ತೆ, ನೀಲಿಬೂದಿನ ಮೇಲೆ ಮಾತ್ರ ಕೆಂಡದ ಹಾಗೆ ಉರಿಯತ್ತೆ. ಚುಕ್ಕೆ ಮೂರೂ ಅದೇ ಬಣ್ಣ.

ರಷ್ಯಾದ ಐಸಾಕ್ ಲೆವಿಟಾನ್ 1895ರಲ್ಲಿ ಮಾಡಿದ ‘ಗೋಲ್ಡನ್ ಆಟಮ್’ ಅನ್ನೋ ಆಯಿಲ್ ಪೇಂಟಿಂಗ್ ಇದೆ, ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಯಲ್ಲಿದೆ, ಅದರ ಚಿತ್ರ ಹುಡುಕಿ ನೋಡಿ. ಹೆಸರಲ್ಲಿ ಚಿನ್ನ ಇದ್ರೂ ಚಿತ್ರದಲ್ಲಿ ಗಾಢ ನೀಲಿ ನದಿ ಇದೆ, ಹಸಿರು ಹೊಲ ಇದೆ, ಬಿಳಿ ಮೋಡ ಇರೋ ಆಕಾಶ ಇದೆ, ಚಿನ್ನದ ಬಣ್ಣ ಮುಖ್ಯವಾಗಿ ಬರ್ಚ್ ಮರಗಳಲ್ಲಿ. ಆ ನದಿಯ ನೀಲಿನ ಬೆರಳಲ್ಲಿ ಮುಚ್ಚಿ ನೋಡಿದ್ರೆ ಗೊತ್ತಾಗತ್ತೆ ಮರಗಳ ಹೊಳಪು ಎಷ್ಟು ಇಳಿಯತ್ತೆ ಅಂತ.

ಹಾಗಾಗಿ ನಾನು ಹೇಳೋದು, ಟ್ಯೂಬಿಂದ ತೆಗೆದಷ್ಟೇ ಗಾಢವಾದ ಆರೆಂಜ್ ಕ್ಯಾನ್ವಾಸಿನ ಐದರಲ್ಲಿ ಒಂದು ಭಾಗ ದಾಟೋದು ಬೇಡ, ಅದನ್ನೂ ಕೊನೇಲಿ ಹಾಕಿ. ಉಳಿದ ಜಾಗಕ್ಕೆ ಬೂದು, ಮಂಕು ಹಸಿರು, ಕಂದು, ನಸುನೀಲಿ. ಇದು ರೂಲ್ ಏನಲ್ಲ, ಆದ್ರೆ ಮೊದಮೊದಲು ಈ ಅಳತೆ ಹಿಡ್ಕೊಂಡ್ರೆ ಚಿತ್ರ ತಾನಾಗೇ ಬೆಳಗತ್ತೆ.

ಆದ್ರೆ ನಿಜವಾದ ಕಾಡಲ್ಲಿ ಎಲ್ಲಾ ಕಡೆ ಆರೆಂಜೇ ಇರತ್ತಲ್ಲ?

ಇರಲ್ಲ, ಹಾಗನ್ಸತ್ತೆ ಅಷ್ಟೇ. ಎಲೆಯೊಳಗಿನ ಕ್ಲೋರೋಫಿಲ್ ಒಡೆದು ಹೋಗ್ತಿದ್ದ ಹಾಗೆ ಮೊದಲೇ ಅಲ್ಲಿದ್ದ ಕೆರೊಟಿನಾಯ್ಡ್‌ಗಳ ಹಳದಿ, ಕಿತ್ತಳೆ ಹೊರಗೆ ಕಾಣತ್ತೆ. ಕೆಂಪು ಮಾತ್ರ ಬೇರೆ ಕಥೆ, ಅದು ಆಂಥೋಸಯಾನಿನ್, ಕೆಲವು ಜಾತಿ ಮರಗಳು ಅದನ್ನ ಆಗ ಹೊಸದಾಗಿ ತಯಾರು ಮಾಡ್ತವೆ, ಹಗಲು ಚೆನ್ನಾಗಿ ಬಿಸಿಲು ಬಿದ್ದು ರಾತ್ರಿ ಹೆಪ್ಪುಗಟ್ಟದಷ್ಟು ಚಳಿ ಇದ್ರೆ ಆ ಕೆಂಪು ಜೋರಾಗಿ ಬರತ್ತೆ. ಪೇಂಟ್ ಮಾಡೋರಿಗೆ ಇದರಿಂದ ಏನುಪಯೋಗ ಅಂದ್ರೆ, ಕೆಂಪು ಬಿಸಿಲು ಬೀಳೋ ಕಡೆ, ಮರದ ಹೊರಮೈ ಮತ್ತೆ ತುದಿಯಲ್ಲಿ ಜಾಸ್ತಿ, ನೆರಳಿರೋ ಒಳಗಡೆ ಇನ್ನೂ ಹಳದಿ ಅಥವಾ ಹಸಿರೇ ಇರಬಹುದು. ಮರಾನೂ ನೋಡ್ಕೊಳ್ಳಿ, ಬರ್ಚ್, ಆಸ್ಪೆನ್ ಹಳದಿ, ಹಲವು ಮೇಪಲ್‌ಗಳು ಕೆಂಪು ಕಿತ್ತಳೆ, ಬೀಚ್ ತಾಮ್ರದ ಬಣ್ಣ, ಓಕ್ ಹೆಚ್ಚಾಗಿ ಕಂದು, ಪೈನ್ ಅಂತೂ ಹಸಿರಾಗೇ ಉಳಿಯತ್ತೆ. ಒಂದೇ ಚಿತ್ರದಲ್ಲಿ ಎರಡು ಮೂರು ಜಾತಿ ಇಟ್ರೆ ವೆರೈಟಿ ಹುಡುಕೋ ಕಷ್ಟ ಇರಲ್ಲ, ಕಡು ಹಸಿರು ಪೈನ್ ಒಂದು ಹಿಂದೆ ನಿಲ್ಲಿಸಿದ್ರೆ ಮುಂದಿನ ಮೇಪಲ್‌ಗೆ ಹಿನ್ನೆಲೆ ಪುಕ್ಕಟೆ.

ಪ್ಯಾಲೆಟ್‌ನಲ್ಲಿ ಚೆನ್ನಾಗಿರೋ ಬಣ್ಣ ಕ್ಯಾನ್ವಾಸಿಗೆ ಹೋದ್ಮೇಲೆ ಕೆಸರಾಗತ್ತೆ, ಯಾಕೆ?

ಹೆಚ್ಚಿನ ಸಲ ಕೆಳಗಿನ ಪದರ ಒಣಗೋಕೆ ಮುಂಚೆ ಮೇಲೆ ಕೈ ಆಡಿಸಿರ್ತೀರ. ಹಸಿರು ಹುಲ್ಲು ಇನ್ನೂ ಹಸಿ ಇರುವಾಗ ಅದರ ಮೇಲೆ ಕೆಂಪು ಎಲೆ ಹಾಕೋಕೆ ಹೋದ್ರೆ ಕೆಂಪು ಹಸಿರು ಸೇರಿ ಕಂದು ಆಗ್ಲೇಬೇಕು, ಅವು ಎದುರು ಬದುರು ಬಣ್ಣಗಳು, ಆರೆಂಜಿಗೆ ನೀಲಿ, ಹಳದಿಗೆ ನೇರಳೆ ಕೂಡ ಅಷ್ಟೇ. ಪಕ್ಕಪಕ್ಕ ಇಟ್ರೆ ಒಂದನ್ನೊಂದು ಎತ್ತಿ ತೋರಿಸ್ತವೆ, ಕಲಸಿದ್ರೆ ಒಂದನ್ನೊಂದು ಕೊಲ್ತವೆ. ತೆಳು ಪದರ ಹತ್ತಿಪ್ಪತ್ತು ನಿಮಿಷದಲ್ಲಿ ಮುಟ್ಟೋ ಹಾಗೆ ಒಣಗತ್ತೆ, ಬೆರಳ ಹಿಂಬದಿಯಲ್ಲಿ ಮುಟ್ಟಿ ನೋಡಿ, ತಣ್ಣಗನ್ಸಿದ್ರೆ ಒಳಗಿನ್ನೂ ನೀರಿದೆ ಅಂತ ಅರ್ಥ.

ಇನ್ನೊಂದು ಕಾರಣ ನೀರಿನ ಲೋಟ. ಬ್ರಶ್ ಅದ್ದಿ ಅದ್ದಿ ನೀರು ಕಂದು ತಿರುಗಿದ್ಮೇಲೂ ಅದರಲ್ಲೇ ತೊಳೆದು ನೇರ ಹಳದಿಗೆ ಹೋಗೋದು. ಎರಡು ಲೋಟ ಇಟ್ಕೊಳ್ಳಿ, ಒಂದು ಕೊಳೆ ತೊಳೆಯೋಕೆ, ಒಂದು ಕೊನೆಯ ಅದ್ದಿಗೆ. ಹಳದಿಗೆ ಅಂತ ಒಂದು ಬ್ರಶ್ಶನ್ನೇ ಬೇರೆ ಇಟ್ಬಿಡಿ, ಬೇರೆ ಎಲ್ಲಾ ಬಣ್ಣ ಸ್ವಲ್ಪ ಕೊಳೆ ತಡ್ಕೊಳತ್ತೆ, ಹಳದಿ ತಡ್ಕೊಳಲ್ಲ.

ಹಳದಿ ಮರದ ನೆರಳಿಗೆ ಕಪ್ಪು ಸೇರಿಸಿದ್ರೆ ಹಸಿರಾಗತ್ತೆ. ಇದೇನಿದು?

ಕಪ್ಪು ಪಿಗ್ಮೆಂಟ್‌ಗಳಲ್ಲಿ ಹೆಚ್ಚಿನವು ಹಳದಿ ಜೊತೆ ಸೇರಿದಾಗ ನೀಲಿ ಥರ ನಡ್ಕೊಳ್ತವೆ, ಅದಕ್ಕೇ ಆಲಿವ್ ಹಸಿರು. ಹಳದಿನ ಕಪ್ಪಲ್ಲಿ ಇಳಿಸ್ಬೇಡಿ, ಅದರ ಅಣ್ಣತಮ್ಮಂದಿರಲ್ಲೇ ಇಳಿಸಿ: ಮೊದಲು ಯೆಲ್ಲೋ ಆಕರ್, ಅದಕ್ಕಿಂತ ಕಪ್ಪು ಬೇಕಂದ್ರೆ ಬರ್ನ್ಟ್ ಸಿಯೆನಾ, ತೀರಾ ಒಳಗಿನ ನೆರಳಿಗೆ ಸಿಯೆನಾ ಜೊತೆ ಒಂಚೂರು ಮಜೆಂಟಾ ಮತ್ತೆ ಅಲ್ಟ್ರಾಮರೀನ್. ಆ ಆಲಿವ್ ಹಸಿರು ಕೆಟ್ಟ ಬಣ್ಣ ಅಂತಲ್ಲ, ಒಣಗೋಕೆ ಶುರುವಾದ ಹುಲ್ಲಿಗೆ ಹೇಳಿ ಮಾಡಿಸಿದ ಹಾಗಿರತ್ತೆ.

ಕಡು ಬಣ್ಣದ ಮೇಲೆ ಹಳದಿ ಎಲೆ ಹಾಕಿದ್ರೆ ಕಾಣೋದೇ ಇಲ್ಲ, ನಾಲ್ಕು ಸಲ ಹಚ್ಚಿದ್ರೂ ಅಷ್ಟೇ.

ಹಳದಿಗಳಲ್ಲಿ ಬಹಳಷ್ಟು ಪಾರದರ್ಶಕ, ಕೆಳಗಿನ ಕಪ್ಪು ಮೇಲೆ ಬರತ್ತೆ. ಎಲೆ ಬೇಕಾದ ಜಾಗದಲ್ಲಿ ಮೊದಲು ಬಿಳಿಗೆ ಚೂರೇ ಚೂರು ಹಳದಿ ಸೇರಿಸಿ ದಪ್ಪಗೆ ಚುಕ್ಕೆ ಇಡಿ, ಪೂರ್ತಿ ಒಣಗಲಿ, ಆಮೇಲೆ ಅದರ ಮೇಲೆ ಹಳದಿನ ತೆಳ್ಳಗೆ ಹಚ್ಚಿ. ಎರಡು ಸಲದಲ್ಲಿ ಮುಗಿಯತ್ತೆ, ಬಣ್ಣಾನೂ ಸ್ವಚ್ಛ. ಇಲ್ಲಾಂದ್ರೆ ಒಪೇಕ್, ಅಂದ್ರೆ ಕೆಳಗಿನ ಬಣ್ಣ ಮುಚ್ಚೋ ಹಳದಿ ತಗೊಳ್ಳಿ, ಕ್ಯಾಡ್ಮಿಯಂ ಹಳದಿ ಚೆನ್ನಾಗಿ ಮುಚ್ಚತ್ತೆ. ಹೆಸರಿನ ಕೊನೇಲಿ ಹ್ಯೂ ಅಂತಿದ್ರೆ ಒಳಗೆ ನಿಜವಾದ ಕ್ಯಾಡ್ಮಿಯಂ ಇರಲ್ಲ, ಮುಚ್ಚೋ ಶಕ್ತಿ ಸಾಮಾನ್ಯವಾಗಿ ಕಮ್ಮಿ. ನಿಜವಾದ ಕ್ಯಾಡ್ಮಿಯಂ ಇದ್ರೆ ಒಣಗಿದ್ಮೇಲೆ ಸ್ಯಾಂಡ್‌ಪೇಪರ್ ಹಾಕಿ ಉಜ್ಜೋದು, ಸ್ಪ್ರೇ ಮಾಡೋದು ಬೇಡ, ಆ ಧೂಳು ಒಳಗೆ ಹೋಗ್ಬಾರ್ದು.

ಎಲೆಗಳನ್ನ ಒಂದೊಂದಾಗಿ ಬಿಡಿಸ್ಬೇಕಾ?

ಬೇಡ ಮಾರಾಯ್ರೆ, ಹುಚ್ಚು ಹಿಡಿಯತ್ತೆ. ದೂರದಿಂದ ಮರ ನೋಡಿದಾಗ ಎಲೆ ಕಾಣಲ್ಲ, ಗೊಂಚಲು ಗೊಂಚಲಾಗಿ ಬೆಳಕು ನೆರಳು ಕಾಣತ್ತೆ. ಅದನ್ನೇ ಮಾಡಿ.

ಕೂದಲು ಕೆದರಿ ಹೋಗಿರೋ ಹಳೇ ಹಾಗ್ ಬ್ರಿಸಲ್ (ಹಂದಿ ಕೂದಲಿನ) ಬ್ರಶ್ ಒಂದಿರತ್ತಲ್ಲ, ಅದನ್ನ ತಗೊಳ್ಳಿ. ಒದ್ದೆ ಇರ್ಬಾರ್ದು. ಬಣ್ಣಕ್ಕೆ ನೀರು ಸೇರಿಸ್ಬೇಡಿ, ಬ್ರಶ್ಶಿನ ತುದಿಗೆ ಮಾತ್ರ ಬಣ್ಣ ತಾಗಿಸಿ, ಪ್ಯಾಲೆಟ್‌ನ ಖಾಲಿ ಜಾಗದಲ್ಲಿ ಎರಡು ಸಲ ಕುಟ್ಟಿ ಜಾಸ್ತಿ ಆದ ಬಣ್ಣ ಬಿಡಿಸಿ, ಆಮೇಲೆ ಕ್ಯಾನ್ವಾಸಿಗೆ ನೇರ ಲಂಬವಾಗಿ ಹಿಡಿದು ಹಗುರವಾಗಿ ಕುಟ್ಟಿ. ಎಳೀಬೇಡಿ. ಪ್ರತಿ ನಾಲ್ಕೈದು ಸಲಕ್ಕೊಮ್ಮೆ ಕೈಯಲ್ಲಿ ಬ್ರಶ್ ಸ್ವಲ್ಪ ತಿರುಗಿಸ್ತಾ ಇರಿ, ಇಲ್ಲಾಂದ್ರೆ ಒಂದೇ ಆಕಾರದ ಸೀಲ್ ಒತ್ತಿದ ಹಾಗೆ ಕಾಣತ್ತೆ. ಮೊದಲು ಗಾಢ ನೆರಳು ಬಣ್ಣದಲ್ಲಿ ಇಡೀ ಗೊಂಚಲು, ಅದು ಒಣಗಿದ್ಮೇಲೆ ಮಧ್ಯದ ಬಣ್ಣ ಮೇಲಿನ ಮೂರನೇ ಎರಡು ಭಾಗಕ್ಕೆ, ಆಮೇಲೆ ಬೆಳಕು ಬರೋ ಕಡೆ ಮಾತ್ರ ಅತಿ ಹೊಳೆಯೋ ಬಣ್ಣ ಅಲ್ಲೊಂದು ಇಲ್ಲೊಂದು. ಹೊಸಬರು ಮೂರನೇ ಬಣ್ಣ ಹಾಕ್ತಾ ಹಾಕ್ತಾ ಖುಷಿಯಾಗಿ ಮೊದಲೆರಡನ್ನೂ ಮುಚ್ಚಿಬಿಡ್ತಾರೆ, ಮರ ಚಪ್ಪಟೆ ಆಗೋದು ಅಲ್ಲೇ.

ಗೊಂಚಲುಗಳ ನಡುವೆ ಆಕಾಶ ಇಣುಕೋ ಸಂದಿ ಬಿಡಿ. ಮುಚ್ಚಿಹೋಗಿದ್ರೆ ಆಮೇಲೆ ಆಕಾಶದ ಬಣ್ಣದಲ್ಲೇ ಸಂದಿ ಹಾಕಬಹುದು, ಆದ್ರೆ ಆಕಾಶಕ್ಕಿಂತ ಒಂದು ಶೇಡ್ ಕಪ್ಪಾಗಿರಲಿ, ಅಷ್ಟೇ ಬಿಳುಪಿದ್ರೆ ಮರಕ್ಕೆ ಬಿಳಿ ಚುಕ್ಕೆ ಅಂಟಿಸಿದ ಹಾಗಾಗತ್ತೆ. ಸ್ಪಾಂಜ್ ತುಂಡಲ್ಲೂ ಎಲೆ ಬರತ್ತೆ, ಹರಿದು ಅಂಚು ಒರಟು ಮಾಡ್ಕೊಂಡ್ರೆ. ಗಾಳಿಯಲ್ಲಿ ಹಾರೋ ಎಲೆಗಳಿಗೆ ಮುಂಭಾಗದಲ್ಲಿ ಮಾತ್ರ ನಾಲ್ಕೈದನ್ನ ಕೈಯಲ್ಲಿ ಬಿಡಿಸಿ, ಕಣ್ಣು ಉಳಿದಿದ್ದನ್ನೂ ಎಲೆ ಅಂತ ತಾನೇ ಓದ್ಕೊಳತ್ತೆ.

ಹಾಗಾದ್ರೆ ಬ್ರಶ್ ಎಷ್ಟು ಬೇಕು?

ಒಂದು ಇಂಚಿನ ಫ್ಲಾಟ್, ಒಂದು ಮಧ್ಯಮ ಫಿಲ್ಬರ್ಟ್ (ತುದಿ ದುಂಡಗಿರೋ ಚಪ್ಪಟೆ ಬ್ರಶ್), ಸಣ್ಣ ಕೊಂಬೆಗೆ ಉದ್ದ ಕೂದಲಿನ ರಿಗ್ಗರ್, ಮತ್ತೆ ಮೇಲೆ ಹೇಳಿದ ಕೆದರಿದ ಬ್ರಶ್. ಅಕ್ರಿಲಿಕ್ಕಿಗೆ ಸಿಂಥೆಟಿಕ್ ಕೂದಲೇ ಸಾಕು. ಬೀಸಣಿಗೆ ಆಕಾರದ ಫ್ಯಾನ್ ಬ್ರಶ್ ಬಗ್ಗೆ ನನಗೆ ಅಷ್ಟಕ್ಕಷ್ಟೇ, ಅದರಲ್ಲಿ ಮಾಡಿದ ಮರಗಳೆಲ್ಲ ಅಕ್ಕತಂಗಿ ಥರ ಇರತ್ತೆ.

ಕಲಸಿ ಮುಗಿಸೋ ಹೊತ್ತಿಗೆ ಬಣ್ಣ ಒಣಗಿ ಹೋಗಿರತ್ತೆ. ಏನ್ ಮಾಡೋದು?

ಅಗಲವಾದ ತಗ್ಗು ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ, ಮೇಲೆ ಬೇಕಿಂಗ್ ಪೇಪರ್ ಹಾಸಿ, ಅದರ ಮೇಲೆ ಬಣ್ಣ ಹಾಕ್ಕೊಳ್ಳಿ. ಕೆಳಗಿಂದ ನೀರಿನ ಪಸೆ ನಿಧಾನ ಬರ್ತಾ ಇರತ್ತೆ, ಮುಚ್ಚಳ ಹಾಕಿಟ್ರೆ ಮಾರನೇ ದಿನಕ್ಕೂ ಬಣ್ಣ ಬಳಸಬಹುದು. ಆಕಾಶ ಮಾಡುವಾಗ ಸಣ್ಣ ಸ್ಪ್ರೇ ಬಾಟ್ಲಲ್ಲಿ ಕ್ಯಾನ್ವಾಸಿಗೆ ಹಗುರವಾಗಿ ನೀರು ಹೊಡೀರಿ. ಒಣಗೋದನ್ನ ನಿಧಾನ ಮಾಡೋ ರಿಟಾರ್ಡರ್ ಅಂತ ಸಿಗತ್ತೆ, ಬಾಟಲ್ ಮೇಲೆ ಬರೆದ ಮಿತಿ ಮೀರಬೇಡಿ, ಜಾಸ್ತಿ ಆದ್ರೆ ಪದರ ಅಂಟಂಟಾಗೇ ಉಳಿಯತ್ತೆ.

ಬಣ್ಣ ತೆಳ್ಳಗೆ ಮಾಡೋಕೆ ನೀರನ್ನೇ ಸುರೀತಾ ಹೋಗ್ಬೇಡಿ. ಅಕ್ರಿಲಿಕ್ ಅಂದ್ರೆ ನೀರಲ್ಲಿ ತೇಲ್ತಿರೋ ಪ್ಲಾಸ್ಟಿಕ್ ಕಣಗಳು, ನೀರು ಆರಿದಾಗ ಅವು ಒಂದಕ್ಕೊಂದು ಅಂಟಿ ಪಿಗ್ಮೆಂಟನ್ನ ಹಿಡ್ಕೊಳ್ತವೆ. ನೀರು ಅತಿಯಾದ್ರೆ ಆ ಹಿಡಿತ ದುರ್ಬಲ. ಗ್ಲೇಝ್, ಅಂದ್ರೆ ಕೆಳಗಿನ ಬಣ್ಣ ಕಾಣೋಷ್ಟು ತೆಳು ಪದರ ಬೇಕಂದ್ರೆ ನೀರಿನ ಬದಲು ಗ್ಲೇಝಿಂಗ್ ಮೀಡಿಯಂ ಅಂತ ಸಿಗೋ ಪಾರದರ್ಶಕ ದ್ರವ ಸೇರಿಸಿ.

ಒಣಗಿದ್ಮೇಲೆ ಬಣ್ಣ ಕಪ್ಪಾಗತ್ತಲ್ಲ?

ಅಕ್ರಿಲಿಕ್‌ನಲ್ಲಿರೋ ಪ್ಲಾಸ್ಟಿಕ್ ಹಸಿ ಇದ್ದಾಗ ಹಾಲಿನ ಥರ ಬಿಳಿ, ಒಣಗಿದ್ಮೇಲೆ ಗಾಜಿನ ಥರ ಪಾರದರ್ಶಕ, ಅದಕ್ಕೇ ಬಣ್ಣ ಒಂದು ಮೆಟ್ಟಿಲು ಇಳಿಯತ್ತೆ. ಬೇಕಾದ್ದಕ್ಕಿಂತ ಸ್ವಲ್ಪ ಬೆಳ್ಳಗೆ ಕಲಸಿ, ಅಷ್ಟೇ.

ಯಾವ ಆರ್ಡರ್‌ನಲ್ಲಿ ಮಾಡೋದು? ನಾನು ಮರದಿಂದ ಶುರು ಮಾಡ್ತೀನಿ, ಆಮೇಲೆ ಆಕಾಶ ತುಂಬೋಕೆ ಕಷ್ಟ ಆಗತ್ತೆ.

ಹಿಂದಿಂದ ಮುಂದಕ್ಕೆ ಬನ್ನಿ. ಒಂದು ಕಾಡುದಾರಿ ಅಂದ್ಕೊಳ್ಳಿ. ಮೊದಲು ಇಡೀ ಕ್ಯಾನ್ವಾಸಿಗೆ ಒಂದು ತೆಳು ಬಣ್ಣ, ಬಿಳಿ ಮೇಲೆ ನೇರ ಶುರು ಮಾಡೋದು ಬೇಡ, ಬಿಳಿ ಪಕ್ಕದಲ್ಲಿ ಎಲ್ಲಾ ಬಣ್ಣಾನೂ ಕಪ್ಪಾಗೇ ಕಾಣೋದರಿಂದ ಅಂದಾಜು ತಪ್ಪತ್ತೆ. ಬಹಳ ಜನ ಬರ್ನ್ಟ್ ಸಿಯೆನಾ ಹಚ್ತಾರೆ, ಹಸಿರು ಬೇಸಿಗೆ ಚಿತ್ರಕ್ಕೆ ಅದು ಸೊಗಸು, ಆದ್ರೆ ಶರತ್ಕಾಲದ ಚಿತ್ರಕ್ಕೆ ನನ್ನ ಆಯ್ಕೆ ನೀಲಿಬೂದು. ಯಾಕಂದ್ರೆ ಎಲೆ ಗೊಂಚಲುಗಳ ನಡುವೆ ಮುಚ್ಚದೇ ಉಳಿದ ಸಂದಿಯಲ್ಲೆಲ್ಲ ಆ ಬೂದು ಇಣುಕಿ ನೀವು ಕಷ್ಟಪಡದೇ ಆರೆಂಜ್ ಏಳತ್ತೆ.

ಅದು ಒಣಗಿದ್ಮೇಲೆ ಚಾಕ್‌ನಲ್ಲಿ ದಾರಿ, ನೆಲದ ಗೆರೆ, ದೊಡ್ಡ ಮರಗಳ ಜಾಗ ಇಷ್ಟೇ ಗುರುತು ಮಾಡಿ. ಆಕಾಶ. ಆಮೇಲೆ ದೂರದ ಮರಗಳ ಸಾಲು, ಅಂಚು ಮೆತ್ತಗೆ, ವಿವರ ಏನೂ ಬೇಡ. ಮಧ್ಯದ ಮರಗಳ ನೆರಳು ಬಣ್ಣ, ನೆಲದ ನೆರಳು ಬಣ್ಣ. ಈ ಹಂತದಲ್ಲಿ ಚಿತ್ರ ನೋಡೋಕೆ ಚೆನ್ನಾಗಿರಲ್ಲ, ಇದೇನಪ್ಪ ಇಷ್ಟು ಮಬ್ಬು ಅಂತ ಬೇಜಾರಾಗಿ ಬಿಟ್ಟುಹೋಗೋರು ಜಾಸ್ತಿ, ಬಿಡ್ಬೇಡಿ, ಚಿತ್ರಕ್ಕೆ ಬೆನ್ನೆಲುಬು ಬರ್ತಿರೋದೇ ಇಲ್ಲಿ. ಫೋನಲ್ಲಿ ಒಂದು ಫೋಟೋ ತೆಗೆದು ಕಪ್ಪುಬಿಳುಪು ಮಾಡಿ ನೋಡಿ. ದಾರಿ, ಮರ, ದೂರದ ಸಾಲು ಮೂರೂ ಬೇರೆ ಬೇರೆ ಅಂತ ಗೊತ್ತಾಗ್ತಿದ್ರೆ ಮುಂದುವರಿಸಿ, ಎಲ್ಲಾ ಒಂದೇ ಬೂದಾಗಿದ್ರೆ ಎಂಥಾ ಕೆಂಪು ಹಾಕಿದ್ರೂ ಆ ಚಿತ್ರ ನಿಲ್ಲಲ್ಲ, ಈಗ್ಲೇ ಸರಿಮಾಡಿ. ಆಮೇಲೆ ಮಧ್ಯದ ಬಣ್ಣಗಳು, ಕಾಂಡ ಕೊಂಬೆ, ಬೆಳಕು, ಎಲ್ಲಕ್ಕಿಂತ ಕೊನೇಲಿ ಆ ಶುದ್ಧ ಆರೆಂಜ್ ಮತ್ತೆ ಹಳದಿ.

ಆಕಾಶ ಯಾವ ಬಣ್ಣ?

ಬೆಚ್ಚನೆ ಬಣ್ಣದ ಮರ ಇದ್ರೆ ತಣ್ಣನೆ ಆಕಾಶ. ಬಿಳಿಗೆ ಅಲ್ಟ್ರಾಮರೀನ್ ಸ್ವಲ್ಪ, ಅದರ ಹುಮ್ಮಸ್ಸು ಇಳಿಸೋಕೆ ಸಿಯೆನಾ ಒಂದು ಚೂರು. ಕೆಳಗೆ ದಿಗಂತದ ಕಡೆ ಬೆಳ್ಳಗಾಗ್ತಾ ಬರಲಿ. ಮೋಡ ಕವಿದ ಬೂದು ಆಕಾಶಾನೂ ಬಹಳ ಚೆನ್ನ, ಅದರ ಮುಂದೆ ಹಳದಿ ಬರ್ಚ್ ದೀಪ ಹಚ್ಚಿದ ಹಾಗಿರತ್ತೆ. ಕೆಂಪು ಸೂರ್ಯಾಸ್ತ, ಕೆಂಪು ಮರ ಎರಡೂ ಒಟ್ಟಿಗೆ ಬೇಡ, ಒಂದನ್ನ ಆರಿಸ್ಕೊಳ್ಳಿ.

ದೂರದ ಬೆಟ್ಟದ ಮರಗಳೂ ಕೆಂಪಾಗೇ ಕಾಣತ್ತೆ, ಆದ್ರೆ ಹಾಗೇ ಹಾಕಿದ್ರೆ ದೂರ ಅನ್ಸಲ್ಲ.

ದೂರ ಹೋದ ಹಾಗೆ ನಡುವಿನ ಗಾಳಿ ಜಾಸ್ತಿ, ಅದು ಬೆಳಕನ್ನ ಚದುರಿಸೋದರಿಂದ ಎಲ್ಲಾ ಬಣ್ಣಾನೂ ನೀಲಿ ಕಡೆ, ಮಸುಕು ಕಡೆ ಜಾರತ್ತೆ, ಕಪ್ಪು ಬಿಳುಪಿನ ವ್ಯತ್ಯಾಸಾನೂ ಕಮ್ಮಿ ಆಗತ್ತೆ. ಮುಂದಿನ ಮರಕ್ಕೆ ಕಲಸಿದ ಆರೆಂಜಿನಲ್ಲೇ ಸ್ವಲ್ಪ ತೆಗೆದು ಅದಕ್ಕೆ ಆಕಾಶದ ಬಣ್ಣ ಸೇರಿಸಿ, ಅದು ಮಧ್ಯದ ಬೆಟ್ಟಕ್ಕೆ, ಇನ್ನೂ ಸೇರಿಸಿ, ಅದು ಹಿಂದಿನದಕ್ಕೆ. ಹಿಂದಿನ ಬೆಟ್ಟಕ್ಕೆ ಬರೋ ಹೊತ್ತಿಗೆ ಅದು ಆರೆಂಜಲ್ಲ, ಒಂದು ಥರ ಗುಲಾಬಿ ಬೆರೆತ ಬೂದು. ಹಿಂದಿರೋದಕ್ಕೆ ಮಂಜು ಬೇಕಂದ್ರೆ ಒಣಗಿದ ಚಿತ್ರದ ಮೇಲೆ ಬಿಳಿನ ಗ್ಲೇಝಿಂಗ್ ಮೀಡಿಯಂನಲ್ಲಿ ತುಂಬಾ ತೆಳ್ಳಗೆ ಮಾಡಿ ಹಚ್ಚಿ, ಒಣಬಟ್ಟೆಯಲ್ಲಿ ಅಂಚು ಒರೆಸಿ. ಬೇಕಿದ್ರೆ ಇನ್ನೊಂದು ಪದರ.

ನೆರಳಿಗೆ ಬೂದು ಹಾಕಿದ್ರೆ ಸತ್ತ ಹಾಗೆ ಕಾಣತ್ತೆ.

ಶರತ್ಕಾಲದಲ್ಲಿ ಸೂರ್ಯ ಕೆಳಗಿರತ್ತೆ, ಬೆಳಕು ಬೆಚ್ಚಗೆ, ನೆರಳು ಉದ್ದ. ಆ ನೆರಳೊಳಗೆ ಬೀಳೋದು ನೀಲಿ ಆಕಾಶದ ಬೆಳಕು, ಹಾಗಾಗಿ ಬಿಸಿಲಿದ್ದ ದಿನ ನೆರಳು ನೀಲಿನೇರಳೆ ಕಡೆ ಇರತ್ತೆ. ಅಲ್ಟ್ರಾಮರೀನ್, ಒಂಚೂರು ಮಜೆಂಟಾ, ಗ್ಲೇಝಿಂಗ್ ಮೀಡಿಯಂ ಸೇರಿಸಿ ಒಣಗಿದ ದಾರಿ ಮೇಲೆ ಅಡ್ಡಡ್ಡ ಎಳೀರಿ, ಕೆಳಗಿನ ಎಲೆ ಬಣ್ಣ ಕಾಣ್ತಾನೇ ನೆರಳು ಬೀಳತ್ತೆ. ದಾರಿ ಎಲ್ಲಿ ಏಳತ್ತೋ ಎಲ್ಲಿ ತಗ್ಗತ್ತೋ ಅಲ್ಲಿ ನೆರಳಿನ ಗೆರೆನೂ ಬಾಗಬೇಕು. ಮೋಡದ ದಿನದ ಚಿತ್ರಕ್ಕೆ ಇಷ್ಟು ಚೂಪಾದ ನೆರಳು ಹಾಕ್ಬೇಡಿ, ಅಲ್ಲಿ ಇರೋದೇ ಇಲ್ಲ.

ಕಾಂಡ ಎಲ್ಲಾ ಕಂದು ಕಂಬದ ಥರ ಬರತ್ತೆ, ಕೊಂಬೆ ಅಂತೂ ಹಾವು.

ಕಾಂಡ ಕಂದು ಅಂತ ತಲೇಲಿ ಕೂತಿರೋದೇ ತೊಂದರೆ. ಹೆಚ್ಚಿನ ಕಾಂಡಗಳು ಬೂದು. ಬೆಳಕಿನ ಕಡೆ ಬೆಚ್ಚನೆ ಬೂದು, ನೆರಳ ಕಡೆ ನೀಲಿಬೂದು, ನೆಲದಿಂದ ಚಿಮ್ಮೋ ಎಲೆ ಬಣ್ಣ ಕೆಳಭಾಗಕ್ಕೆ ಒಂದು ಸ್ಪರ್ಶ. ಎಲೆ ಗೊಂಚಲು ಬಂದ ಕಡೆ ಕಾಂಡ ಮರೆಯಾಗಿ ಮತ್ತೆ ಮೇಲೆ ಕಾಣಿಸ್ಬೇಕು, ಬುಡದಿಂದ ತುದಿವರೆಗೆ ಒಂದೇ ಗೆರೆ ಎಳೆದ್ರೆ ಕಂಬಾನೇ ಆಗತ್ತೆ. ಕೊಂಬೆಗೆ ಬಣ್ಣನ ಇಂಕಿನಷ್ಟು ತೆಳು ಮಾಡಿ ರಿಗ್ಗರ್‌ನಲ್ಲಿ ಕಾಂಡದಿಂದ ಹೊರಗೆ ಎಳೀರಿ, ಹೋಗ್ತಾ ಹೋಗ್ತಾ ಒತ್ತಡ ಕಮ್ಮಿ ಮಾಡಿ, ನಡುವೆ ಒಂದೆರಡು ಕಡೆ ಸಡನ್ನಾಗಿ ದಿಕ್ಕು ಬದಲಿಸಿ. ಕವಲೊಡೆದಾಗೆಲ್ಲ ಕೊಂಬೆ ಸಣ್ಣ ಆಗಲೇಬೇಕು.

ಬರ್ಚ್ ಮರದ ಬಿಳಿ ತೊಗಟೆ ಹೇಗೆ ಮಾಡ್ತಾರೆ?

ಇದು ಸುಲಭ, ನೋಡೋರಿಗೆ ಮಾತ್ರ ಭಾರೀ ಅನ್ಸತ್ತೆ. ಹಿನ್ನೆಲೆ ಪೂರ್ತಿ ಒಣಗಿರಲಿ. ಕಾಂಡದ ಅಗಲಕ್ಕೆ ಬಿಳಿ ಹಚ್ಚಿ ಒಣಗಿಸಿ. ಹಳೇ ಪ್ಲಾಸ್ಟಿಕ್ ಕಾರ್ಡಿನ ಅಂಚಿಗೆ ನಿಮ್ಮ ಅಲ್ಟ್ರಾಮರೀನ್ ಸಿಯೆನಾ ಕಪ್ಪನ್ನ ತೆಳುವಾಗಿ ಹಚ್ಚಿ, ಕಾಂಡದ ಒಂದು ಅಂಚಿಗೆ ನಿಲ್ಲಿಸಿ ಒಳಗಡೆಗೆ ಅರ್ಧ ದಾರಿ ಸರ್ರನೆ ಎಳೆದು ಎತ್ತಿ. ಅಂಚಲ್ಲಿ ಗಾಢ, ಒಳಗೆ ಬಂದ ಹಾಗೆ ಹರಿದುಹೋಗೋ ಗೀರು, ತೊಗಟೆ ಹಾಗೇ ಬರತ್ತೆ. ಇನ್ನೊಂದು ಅಂಚಿಂದ ಕಮ್ಮಿ ಎಳೀರಿ, ಅದು ಬೆಳಕಿನ ಕಡೆ. ಆಮೇಲೆ ನೆರಳಿನ ಕಡೆಗೆ ನೀಲಿಬೂದು ಗ್ಲೇಝ್ ಒಂದು ಹಚ್ಚಿದ್ರೆ ಕಾಂಡ ಗುಂಡಗಾಗತ್ತೆ. ಮಾಸ್ಕಿಂಗ್ ಟೇಪ್ ಅಂಟಿಸಿ ಹಿನ್ನೆಲೆ ಮಾಡಿ ಆಮೇಲೆ ಕೀಳೋ ವಿಧಾನಾನೂ ಇದೆ, ಟೇಪ್ ಅಂಚು ಒತ್ತಿ ಕೂರಿಸದಿದ್ರೆ ಬಣ್ಣ ಒಳಗೆ ನುಗ್ಗತ್ತೆ, ಮತ್ತೆ ಅದರ ಅಂಚು ರೂಲರ್ ಇಟ್ಟ ಹಾಗೆ ನೇರ ಬರೋದರಿಂದ ಟೇಪನ್ನ ಸ್ವಲ್ಪ ಅಂಕುಡೊಂಕಾಗಿ ಹರಿದು ಅಂಟಿಸಿ.

ನೆಲದ ಮೇಲೆ ಬಿದ್ದ ಎಲೆಗಳು ಪೋಲ್ಕಾ ಡಾಟ್ ಥರ ಆಗ್ತಿವೆ.

ಎಲ್ಲಾ ಚುಕ್ಕೆ ಒಂದೇ ಸೈಜು, ಒಂದೇ ದೂರ ಇದೆ ಅಂತ ಕಾಣತ್ತೆ. ದೂರದಲ್ಲಿ ಎಲೆ ಬೇಡ, ಬರೀ ಬಣ್ಣದ ಅಡ್ಡ ಪಟ್ಟಿ ಸಾಕು. ಮಧ್ಯದಲ್ಲಿ ಅಡ್ಡಕ್ಕೆ ಚಪ್ಪಟೆ ಗೀಟು, ನೆಲದ ಮೇಲೆ ಮಲಗಿರೋ ಎಲೆ ಓರೆಯಿಂದ ನೋಡಿದಾಗ ಚಪ್ಪಟೆಯಾಗೇ ಕಾಣತ್ತೆ. ತೀರಾ ಮುಂದೆ ಮಾತ್ರ ಎಲೆ ಆಕಾರ, ಅದೂ ಕೆಲವು. ಮರದ ಬುಡದಲ್ಲಿ, ದಾರಿಯ ಅಂಚಲ್ಲಿ ಗುಂಪುಗಟ್ಟಿರಲಿ, ನಡೆಯೋ ಜಾಗದಲ್ಲಿ ಖಾಲಿ ಇರಲಿ. ಹಳೇ ಟೂತ್‌ಬ್ರಶ್ಶಲ್ಲಿ ತೆಳು ಬಣ್ಣ ಚಿಮುಕಿಸಿದ್ರೂ ಚೆನ್ನಾಗಿರತ್ತೆ, ಆಕಾಶನ ಪೇಪರ್‌ನಲ್ಲಿ ಮುಚ್ಚಿ ಶುರು ಮಾಡಿ.

ನೀರಲ್ಲಿ ಪ್ರತಿಬಿಂಬ?

ಮರದ ಬಣ್ಣನ ನೀರಲ್ಲಿ ಮೊದಲು ನೇರ ಕೆಳಗೆ ಎಳೀರಿ, ಹಸಿ ಇರುವಾಗ್ಲೇ ಒಣ ಫ್ಲಾಟ್ ಬ್ರಶ್ಶಲ್ಲಿ ಅಡ್ಡಕ್ಕೆ ಹಗುರವಾಗಿ ಸವರಿ. ಹೊಳೆಯೋ ಬಣ್ಣಗಳು ನೀರಲ್ಲಿ ಸ್ವಲ್ಪ ಕಪ್ಪು, ಕಡು ಬಣ್ಣಗಳು ಸ್ವಲ್ಪ ತಿಳಿ, ಅಂದ್ರೆ ಎರಡೂ ನಡುವಿಗೆ ಬರ್ತವೆ. ಮೇಲಿಂದ ಒಂದೆರಡು ತೆಳು ಅಡ್ಡ ಗೆರೆ ತಿಳಿನೀಲಿ ಎಳೆದ್ರೆ ನೀರು ಚಪ್ಪಟೆಯಾಗಿ ಮಲಗತ್ತೆ. ತೇಲೋ ಎಲೆ ಎರಡು ಮೂರು ಸಾಕು.

ಕ್ಯಾನ್ವಾಸಾ, ಪೇಪರಾ? ಸೈಜ್ ಎಷ್ಟು?

ಅಭ್ಯಾಸಕ್ಕೆ 300 ಜಿಎಸ್‌ಎಂನ ದಪ್ಪ ಪೇಪರ್, ನಾಲ್ಕೂ ಕಡೆ ಟೇಪ್ ಹಾಕಿ ಹಲಗೆಗೆ ಅಂಟಿಸಿ. ಒಂದು ಕೋಟ್ ಜೆಸ್ಸೋ (ಬಣ್ಣಕ್ಕೆ ಮುಂಚೆ ಹಚ್ಚೋ ಬಿಳಿ ತಳಪದರ) ಹಚ್ಚಿದ್ರೆ ಬಣ್ಣ ಇಂಗಿ ಹೋಗಲ್ಲ. ಸಣ್ಣದರಲ್ಲಿ ಮಾಡಿ. ಕೆನಡಾದ ಟಾಮ್ ಥಾಮ್ಸನ್ 1910ರ ದಶಕದಲ್ಲಿ ಅಲ್ಗಾಂಕ್ವಿನ್ ಪಾರ್ಕ್‌ನ ಶರತ್ಕಾಲನ ಸ್ಥಳದಲ್ಲೇ ಕೂತು ಮಾಡಿದ ಆಯಿಲ್ ಸ್ಕೆಚ್‌ಗಳಲ್ಲಿ ಬಹಳಷ್ಟು ಸುಮಾರು 21×27 ಸೆಂಟಿಮೀಟರಿನ ಮರದ ಹಲಗೆ ಮೇಲಿನವು, ಇಡೀ ಬೆಟ್ಟದ ಕೆಂಪು ಅದರಲ್ಲೇ ಹಿಡಿಸಿದೆ. ಸಣ್ಣ ಹಲಗೆ, ದೊಡ್ಡ ಬ್ರಶ್ ಇದ್ರೆ ಎಲೆ ಎಣಿಸೋ ಆಸೆನೇ ಹುಟ್ಟಲ್ಲ.

ಫೋಟೋ ನೋಡಿ ಮಾಡಬಹುದಾ?

ಧಾರಾಳವಾಗಿ. ಆದ್ರೆ ಫೋನ್ ಕ್ಯಾಮೆರಾ ಕೆಂಪು ಹಳದಿನ ಅಗತ್ಯಕ್ಕಿಂತ ಜೋರು ಮಾಡತ್ತೆ, ನೆರಳನ್ನ ಕಪ್ಪು ಮಾಡಿ ಒಳಗಿನ ಬಣ್ಣ ತಿಂದುಹಾಕತ್ತೆ, ಅದನ್ನ ಹಾಗೇ ನಕಲು ಮಾಡ್ಬೇಡಿ. ಸ್ಯಾಚುರೇಶನ್ ಇಳಿಸಿ, ಫೋಟೋದಲ್ಲಿರೋ ಅರ್ಧ ಮರಗಳನ್ನ ಬಿಟ್ಟುಬಿಡಿ. ಬೇರೆಯವರ ಫೋಟೋ ನೋಡಿ ಮಾಡಿದ ಚಿತ್ರ ಮಾರ್ತೀರ ಅಂದ್ರೆ ಅವರ ಪರ್ಮಿಶನ್ ಬೇಕಾಗತ್ತೆ, ನಿಮ್ಮದೇ ಫೋಟೋ ಇದ್ರೆ ಆ ತಲೆನೋವಿಲ್ಲ.

ಹೊರಗೆ ಚಳಿಯಲ್ಲಿ ಕೂತು ಮಾಡಿದ್ರೆ ಏನಾದ್ರೂ ಆಗತ್ತಾ?

ಆಗತ್ತೆ, ಇದನ್ನ ಹೆಚ್ಚಿನವರು ಹೇಳೋದೇ ಇಲ್ಲ. ಅಕ್ರಿಲಿಕ್‌ನಲ್ಲಿರೋ ಪ್ಲಾಸ್ಟಿಕ್ ಕಣಗಳು ಒಂದಕ್ಕೊಂದು ಬೆಸೆಯೋಕೆ ಒಂದಿಷ್ಟು ಬೆಚ್ಚಗಿರ್ಬೇಕು. ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ನೀರು ಆರಿ ಹೋದ್ರೂ ಪದರ ಸರಿಯಾಗಿ ಕೂಡಿಕೊಳ್ಳಲ್ಲ, ಬಿರುಕು ಬಿಡಬಹುದು, ಪುಡಿ ಪುಡಿ ಆಗಬಹುದು. ಅಂಥ ದಿನ ಹೊರಗೆ ಪೆನ್ಸಿಲ್ ಸ್ಕೆಚ್ ಮಾಡಿ, ಬಣ್ಣಗಳ ಹೆಸರು ಬರ್ಕೊಳ್ಳಿ, ಪೇಂಟಿಂಗ್ ಒಳಗೆ ಮಾಡಿ. ಟ್ಯೂಬ್‌ಗಳನ್ನೂ ಹೆಪ್ಪುಗಟ್ಟೋ ಚಳಿಯಲ್ಲಿ ಬಿಟ್ಟುಬರ್ಬೇಡಿ.

ವಾರ್ನಿಶ್ ಬೇಕಾ?

ಗೋಡೆಗೆ ಹಾಕ್ತೀರಾದ್ರೆ ಬೇಕು. ಮುಟ್ಟಿದ್ರೆ ಒಣಗಿದೆ ಅನ್ಸಿದ್ರೂ ಒಳಗೆ ಟೈಮ್ ಹಿಡಿಯತ್ತೆ, ತೆಳು ಚಿತ್ರಕ್ಕೆ ಒಂದೆರಡು ವಾರ, ದಪ್ಪ ಹಚ್ಚಿದ್ರೆ ಅದಕ್ಕಿಂತ ಜಾಸ್ತಿ ಕಾಯಿರಿ. ಒಂದು ದಪ್ಪ ಕೋಟ್ ಬದಲು ಎರಡು ತೆಳು ಕೋಟ್, ಎರಡನೇದು ಅಡ್ಡ ದಿಕ್ಕಿಗೆ. ಹೊಳೆಯೋ ಗ್ಲಾಸಿ ವಾರ್ನಿಶ್ ಕಡು ಬಣ್ಣಗಳಿಗೆ ಆಳ ಕೊಡತ್ತೆ, ಹೊಳಪಿಲ್ಲದ ಮ್ಯಾಟ್ ಹಚ್ಚಿದ್ರೆ ಅವು ಸ್ವಲ್ಪ ಬೂದಾಗತ್ತೆ, ಮಂಜಿನ ಚಿತ್ರಕ್ಕೆ ಮಾತ್ರ ಮ್ಯಾಟ್ ಇಷ್ಟ ನನಗೆ.

ಬ್ರಶ್ ಗಟ್ಟಿ ಆಗಿ ಹೋಯ್ತು, ಉಳಿಸಬಹುದಾ?

ಒಣಗಿದ ಅಕ್ರಿಲಿಕ್ ನೀರಿಗೆ ಕರಗಲ್ಲ. ಬಿಸಿ ಇಲ್ಲದ ಸೋಪ್ ನೀರಲ್ಲಿ ನೆನೆಸಿ, ಬ್ರಶ್ ಸೋಪ್ ಹಾಕಿ ಬೆರಳಲ್ಲಿ ಬುಡದಿಂದ ತುದಿಗೆ ತಿಕ್ಕಿ, ಸ್ವಲ್ಪ ಬಂದ್ರೂ ಬರಬಹುದು. ಇನ್ಮೇಲೆ ಕೂದಲು ಕೆಳಗೆ ಮಾಡಿ ನೀರಲ್ಲಿ ನಿಲ್ಲಿಸಿ ಬಿಡ್ಬೇಡಿ, ಅಡ್ಡ ಮಲಗಿಸಿ ಒಣಗಿಸಿ. ಬಣ್ಣದ ನೀರನ್ನ ಸಿಂಕಿಗೆ ಸುರಿಯೋದೂ ಬೇಡ, ಒಂದು ಬಕೆಟ್ಟಲ್ಲಿ ರಾತ್ರಿ ಬಿಟ್ರೆ ಗಸಿ ಕೆಳಗೆ ಕೂರತ್ತೆ, ಮೇಲಿನ ತಿಳಿನೀರು ಬಗ್ಗಿಸಿ ಗಸಿನ ಪೇಪರ್‌ನಲ್ಲಿ ಒಣಗಿಸಿ ಕಸಕ್ಕೆ ಹಾಕಿ. ಬ್ರಶ್ ಏನೂ ಮಾಡಿದ್ರೂ ಸರಿಹೋಗದೆ ಕೆದರಿಕೊಂಡೇ ಇದ್ರೆ ಎಸೀಬೇಡಿ, ಎಲೆ ಕುಟ್ಟೋಕೆ ಬೇಕು.